ಚಿಕ್ಕಬೀರಪ್ಪ ಬಿಟ್ಟ ಸಂದು

ಚಿಕ್ಕಬೀರಪ್ಪ ಕಲ್ಲಿನ ಜೊತೆ ಮಾತಾಡುತ್ತಿದ್ದ ಎಂದು ಅಜ್ಜಂಪುರದಲ್ಲಿ ಈಗಲೂ ಹೇಳುವವರಿದ್ದಾರೆ. ಸುಳ್ಳು. ಅವನು ಮನುಷ್ಯರ ಜೊತೆಯೇ ಅಷ್ಟಾಗಿ ಮಾತಾಡುತ್ತಿರಲಿಲ್ಲ. ಕಲ್ಲಿಗೆ ಸುತ್ತಿಗೆಯಿಂದ ಮೂರು ಕಡೆ ಬಡಿಯುತ್ತಿದ್ದ, ತಲೆ ಓರೆ ಮಾಡಿ ಕೇಳುತ್ತಿದ್ದ. ಆಮೇಲೆ ಒಂದೋ ಕೆಲಸ ಶುರು ಮಾಡುತ್ತಿದ್ದ, ಇಲ್ಲವೇ ಆ ಕಲ್ಲನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತಿದ್ದ. ಮಾತು ಹೆಚ್ಚಾಗಿದ್ದದ್ದು ನನಗೆ. ಅವನಿಗೆ ಒದಗಿದ ಕೇಡೆಲ್ಲ ನನ್ನ ಬಾಯಿಂದ ಬಂದದ್ದಾದ್ದರಿಂದ ಮೊದಲು ನನ್ನ ವಿಷಯ ಹೇಳಿ ಮುಗಿಸುತ್ತೇನೆ.

ನಾನು ಈಗ ತರೀಕೆರೆಯಿಂದ ಲಕ್ಕವಳ್ಳಿಗೆ ಹೋಗುವ ರಸ್ತೆಯ ಮೇಲೆ ವರ್ಕ್ ಇನ್ಸ್‌ಪೆಕ್ಟರು. ಹೆಸರು ಕೇಳಿ ಯಾರೂ ಹೆದರಬೇಕಾಗಿಲ್ಲ. ಜಲ್ಲಿ ಗುಡ್ಡೆ ಅಳೆಯುವುದು, ಮೋರಿಗಳ ಹೂಳು ತೆಗೆಸುವುದು, ಓವರ್‌ಸಿಯರರ ಸೈಕಲ್ಲು ಪಂಕ್ಚರಾದಾಗ ಅದನ್ನು ತಳ್ಳಿಕೊಂಡು ಅವರ ಹಿಂದೆ ನಡೆಯುವುದು, ಇಷ್ಟಕ್ಕೆ ಸರ್ಕಾರ ನನಗೆ ಸಂಬಳ ಕೊಡುತ್ತದೆ. ಇದಕ್ಕೆ ಮೊದಲು ಬೆಂಗಳೂರಿನಲ್ಲಿ ಮೂರು ವರ್ಷ ಎಂಜಿನಿಯರಿಂಗ್ ಓದಿದೆ. ಓದಿದೆ ಎಂದೆ, ಪಾಸಾದೆ ಎನ್ನಲಿಲ್ಲ.

ಓದಿಸಿದವರು ನನ್ನ ಸೋದರಮಾವ ಜಯದೇವಪ್ಪನವರು. ಅಜ್ಜಂಪುರದಲ್ಲಿ ಹತ್ತಿ ವ್ಯಾಪಾರ, ಮಠದ ಸಮಿತಿಯಲ್ಲಿ ಮೊದಲ ಹೆಸರು. ಮನೆತನದಲ್ಲಿ ಒಬ್ಬ ಎಂಜಿನಿಯರ್ ಇರಬೇಕೆಂದು ಅವರಿಗೆ ಆಸೆ. ತಮ್ಮ ಮಕ್ಕಳಿಗೆ ಲೆಕ್ಕ ಬರುತ್ತಿರಲಿಲ್ಲವಾದ್ದರಿಂದ ತಂಗಿಯ ಮಗ ಗಂಗಾಧರನ ಮೇಲೆ, ಅಂದರೆ ನನ್ನ ಮೇಲೆ, ಕಣ್ಣು ಬಿತ್ತು. ನನಗೂ ಲೆಕ್ಕ ಬರುತ್ತಿರಲಿಲ್ಲ. ಆದರೆ ಅದು ಇನ್ನೂ ಊರಿಗೆ ಗೊತ್ತಾಗಿರಲಿಲ್ಲ.

ಕಾಲೇಜಿನಲ್ಲಿ ನನ್ನನ್ನು ಅತಿಯಾಗಿ ಕಾಡಿದ್ದು ಸ್ಟ್ರೆಂತ್ ಆಫ್ ಮೆಟೀರಿಯಲ್ಸ್. ಕಲ್ಲು, ಮರ, ಕಬ್ಬಿಣ ಯಾವುದೇ ಇರಲಿ, ಅದರ ಮೇಲೆ ಭಾರ ಹೇರಿದಾಗ ಒಳಗೆ ಏನು ನಡೆಯುತ್ತದೆ ಎಂದು ಲೆಕ್ಕ ಹಾಕುವ ವಿದ್ಯೆ. "ತೊಲೆಯನ್ನು ಮನಸ್ಸಿನಲ್ಲೇ ಎಲ್ಲಿಯಾದರೂ ಕತ್ತರಿಸಿ" ಎನ್ನುತ್ತಿದ್ದರು ಮೇಷ್ಟ್ರು. "ಕತ್ತರಿಸಿದ ಮೇಲೂ ಅದು ಯಾಕೆ ಬೀಳುತ್ತಿಲ್ಲ ಅಂತ ಕೇಳಿ." ನಾನು ಕತ್ತರಿಸುತ್ತಿದ್ದೆ. ಅದು ಬಿದ್ದುಬಿಡುತ್ತಿತ್ತು. ಇಡೀ ಮೊದಲ ವರ್ಷ ನನ್ನ ತಲೆಯೊಳಗೆ ತೊಲೆಗಳು ಒಂದಾದ ಮೇಲೊಂದು ಬೀಳುತ್ತಲೇ ಇದ್ದವು.

ಎರಡನೇ ವರ್ಷ ಒಂದು ದಿನ ಹಾಸ್ಟೆಲಿನಲ್ಲಿ ಕೂತು ಅಳಿಸುವ ರಬ್ಬರಿನ ಪಕ್ಕಕ್ಕೆ ಪೆನ್ಸಿಲಿನಲ್ಲಿ ಒತ್ತೊತ್ತಾಗಿ ಅಡ್ಡಗೀಟು ಹಾಕಿ ಬಗ್ಗಿಸಿದೆ. ಕೆಳಗಡೆ ಗೀಟುಗಳು ಒಂದರಿಂದ ಒಂದು ದೂರ ಸರಿದವು, ಮೇಲ್ಗಡೆ ಹತ್ತಿರ ಬಂದವು. ಕೆಳಗೆ ಎಳೆತ, ಮೇಲೆ ಒತ್ತಡ. ಹಾಗೇ ಮೂರು ಪೆನ್ಸಿಲುಗಳ ಮೇಲೆ ರಬ್ಬರನ್ನಿಟ್ಟು ಎರಡು ಕಡೆಯೂ ಅದುಮಿದೆ. ನಡುವಿನ ಪೆನ್ಸಿಲಿನ ಮೇಲೆ ಎಲ್ಲ ತಿರುಗುಮುರುಗು. ಅಲ್ಲಿ ಎಳೆತ ಮೇಲ್ಗಡೆ! ಅಂದು ನನಗಾದ ಸಂತೋಷಕ್ಕೆ ಸಮಾನವಾದದ್ದು ಮದುವೆಯಲ್ಲೂ ಆಗಲಿಲ್ಲ. ಆ ಒಂದು ಅಧ್ಯಾಯ, ಮೂರು ಆಧಾರದ ಮೇಲಿನ ತೊಲೆ, ನನ್ನ ಸ್ವಂತ ಆಸ್ತಿಯಾಯಿತು. ಪರೀಕ್ಷೆಯಲ್ಲಿ ಅದನ್ನು ಬರೆದೆ, ಚಿತ್ರ ಸಮೇತ. ಆ ವರ್ಷದ ಬೇಸಿಗೆ ರಜಕ್ಕೆ ಅಜ್ಜಂಪುರದ ಸ್ಟೇಷನ್ನಿನಲ್ಲಿ ಇಳಿದಾಗ ನನ್ನ ಪೆಟ್ಟಿಗೆಯಲ್ಲಿ ಎರಡು ಪಂಚೆ, ಒಂದು ಸ್ಟೀಲು ಸ್ಕೇಲು ಮತ್ತು ಆ ಅಧ್ಯಾಯ ಇದ್ದವು. ಅದು ಇಪ್ಪತ್ತನಾಲ್ಕನೇ ಇಸವಿ.

ಸ್ಟೇಷನ್ ರಸ್ತೆಯಲ್ಲಿ ಮಾವ ಒಂದು ಛತ್ರ ಕಟ್ಟಿಸುತ್ತಿದ್ದರು. ಹತ್ತಿ ಕಾಲದಲ್ಲಿ ಬರುವ ಗಾಡಿಯವರಿಗೆ, ಮಠಕ್ಕೆ ಹೋಗುವವರಿಗೆ ಇಳಿದುಕೊಳ್ಳಲು. ಅದರ ಪಡಸಾಲೆಗೆ ಅಡ್ಡಲಾಗಿ ಹದಿನಾಲ್ಕು ಅಡಿಯ ಒಂದೇ ಕಲ್ಲಿನ ತೊಲೆ, ಅದರ ಮೇಲೆ ಎರಡು ಕಡೆಗೂ ಚಪ್ಪಡಿ, ಚಪ್ಪಡಿಯ ಮೇಲೆ ಗಾರೆ. ತೊಲೆ ಕೊರೆದು ಕೂರಿಸಿದವನು ಚಿಕ್ಕಬೀರಪ್ಪ.

ಅವನು ಸಖರಾಯಪಟ್ಟಣದ ಕಡೆಯವನು. ವಯಸ್ಸು ಐವತ್ತರ ಹತ್ತಿರ. ಎಡಗೈಯ ಕಿರುಬೆರಳು ಇರಲಿಲ್ಲ. ಅಪ್ಪ ಕಲ್ಲುಕುಟಿಗ, ಅಣ್ಣ ದೊಡ್ಡಬೀರಪ್ಪನೂ ಕಲ್ಲುಕುಟಿಗ. ಅಣ್ಣ ಕಲ್ಲಿನ ದೂಳು ಕುಡಿದು ಕೆಮ್ಮಿ ಕೆಮ್ಮಿ ಸತ್ತ ಮೇಲೆ ಅವನ ಉಳಿಗಳೂ ಇವನಿಗೇ ಬಂದವು. ಹೆಂಡತಿ ಕರಿಯಮ್ಮ ಊರಿನಲ್ಲಿ, ಇವನು ವರ್ಷದಲ್ಲಿ ಎಂಟು ತಿಂಗಳು ಕೆಲಸವಿದ್ದಲ್ಲಿ. ಕಡೂರಿನಿಂದ ಶಿವನಿಯವರೆಗೆ ಯಾರ ಮನೆ ಮೇಲೇಳಲಿ, "ತೊಲೆ ಮಾತ್ರ ಬೀರಪ್ಪನ ಕೈಲಿ ಹಾಕಿಸು" ಎನ್ನುವುದು ವಾಡಿಕೆಯಾಗಿತ್ತು. ಇಪ್ಪತ್ತೆರಡು ತೊಲೆ ಕೂರಿಸಿದ್ದ. ಒಂದೂ ಬಿರುಕು ಬಿಟ್ಟಿರಲಿಲ್ಲ. ಅಜ್ಜಂಪುರದ್ದು ಇಪ್ಪತ್ತಮೂರನೆಯದು. ಅದನ್ನು ಕಡೂರಿನ ಹತ್ತಿರದ ಬಂಡೆಯಿಂದ ನಾಲ್ಕು ಜೊತೆ ಎತ್ತು ಕಟ್ಟಿ ನಾಲ್ಕು ದಿನ ಎಳೆದು ತಂದವನು ಊರಿನ ಗಾಡಿ ಸಿದ್ದಪ್ಪ.

ನಾನು ಹೋಗಿ ನೋಡುವಾಗ ತೊಲೆ ಕೂತು, ಎರಡು ತುದಿಯ ಮೇಲೂ ಗೋಡೆ ಎದ್ದಿತ್ತು. ತೊಲೆಯ ನಟ್ಟನಡುವೆ ಕೆಳಗೆ ಒಂದು ಕಂಬ. ಕಂಬವಿಲ್ಲದ ಪಡಸಾಲೆಗೆ ಲಕ್ಷಣವಿಲ್ಲವೆಂದು ಮಾವ ಕೇಳಿ ಹಾಕಿಸಿದ್ದು. ಕಂಬದ ತಲೆಗೆ ಅಗಲದ ಬೋದಿಗೆ ಕಲ್ಲು, ಬೋದಿಗೆಗೂ ತೊಲೆಗೂ ನಡುವೆ ತೆಳುವಾಗಿ ಸವರಿದ ಸುಣ್ಣ. ಸುಣ್ಣ ಒಂದು ಮೂಲೆಯಲ್ಲಿ ಉದುರಿತ್ತು. ಸುಮ್ಮನಿರಲಾರದೆ ಸ್ಕೇಲು ತೂರಿಸಿದೆ. ಅದು ಈ ಕಡೆಯಿಂದ ಹೋಗಿ ಆ ಕಡೆ ಬಂತು.

ಕಂಬ ತೊಲೆಯನ್ನು ಮುಟ್ಟಿಯೇ ಇರಲಿಲ್ಲ.

"ಏನಯ್ಯಾ ಬೀರಪ್ಪ, ಇದು ಮುಟ್ಟೇ ಇಲ್ಲವಲ್ಲ?"

ಅವನು ಕೆಲಸದಿಂದ ತಲೆಯೆತ್ತಲಿಲ್ಲ. "ಇಲ್ಲ ಬುದ್ದಿ."

"ಹಾಗಾದ್ರೆ ಈ ಕಂಬ ಏನೂ ಹೊತ್ತಿಲ್ಲ?"

"ಇಲ್ಲ."

"ಮತ್ತೆ ಯಾಕೆ ನಿಲ್ಸಿದೆ?"

"ಯಜಮಾನ್ರು ಕೇಳಿದ್ರು."

ನನಗೆ ನಗು ಬಂತು. ಕೈಗೆ ಸಿಕ್ಕಿಬಿದ್ದ ಕಳ್ಳನನ್ನು ವಿಚಾರಿಸುವವನ ಗತ್ತಿನಲ್ಲಿ ಕಲ್ಲಿನ ಮೇಲೆ ಕೂತೆ. ಅವನು ಉಳಿ ಕೆಳಗಿಟ್ಟ. ನಾನು ಕಂಡಂತೆ ಅವನು ಅಷ್ಟು ಮಾತಾಡಿದ್ದು ಅದೇ ಮೊದಲು.

"ಅದು ಮಣ್ಣಿನ ಪಾಲು ಬುದ್ದಿ. ನಮ್ಮ ಕಡೆ ಕೆಮ್ಮಣ್ಣು, ಅಲ್ಲಿ ಇದರ ತಂಟೆ ಇಲ್ಲ. ಇಲ್ಲಿ ಎರೆ ಮಣ್ಣು. ಬ್ಯಾಸ್ಗೇಲಿ ಕುಗ್ತದೆ, ಮಳೇಲಿ ಉಬ್ತದೆ. ಗೋಡೆ ಪಾಯ ಆರಡಿ ಕೆಳಗೆ ಗಟ್ಟಿ ಗೊರಚಲಿಗೆ ಇಳ್ಸಿದೀನಿ, ಅದು ಅಲ್ಲಾಡಲ್ಲ. ಕಂಬದ ಪಾಯ ಎರಡೇ ಅಡಿ. ಮಣ್ಣು ಉಬ್ಬಿದ್ರೆ ಕಂಬ ಮೇಲಕ್ಕೆ ಬತ್ತದೆ. ಬರೋಕೆ ಜಾಗ ಬ್ಯಾಡವಾ?"

"ಮಣ್ಣು ಕಂಬಾನ ಎತ್ತುತ್ತಾ?"

"ಬಂಡೆ ಹೆಂಗೆ ಸೀಳ್ತೀವಿ ಗೊತ್ತಾ? ಒಣ ಮರದ ಬೆಣೆ ಇಟ್ಟು ನೀರು ಉಯ್ತೀವಿ. ಮರ ಉಬ್ತದೆ, ಬಂಡೆ ಎರಡಾಯ್ತದೆ. ಒಂದು ಗೇಣು ಮರಕ್ಕೇ ಅಷ್ಟು ಕಸುವು ಇದ್ರೆ ಭೂಮ್ತಾಯಿಗೆ ಎಷ್ಟಿರಬೇಡ?"

ಇದಕ್ಕಿಂತ ಸರಳವಾಗಿ ಈ ವಿಷಯವನ್ನು ನನಗೆ ಆಮೇಲೂ ಯಾರೂ ಹೇಳಲಿಲ್ಲ. ಅಂದು ನಾನು ಅದನ್ನು ಕೇಳಿಸಿಕೊಂಡೆ, ಕೇಳಲಿಲ್ಲ. ತೊಲೆಯ ಉದ್ದ, ಅಗಲ, ಎತ್ತರ ಅಳೆದೆ. ಮೇಲಿನ ಚಪ್ಪಡಿ, ಬರಲಿರುವ ಗಾರೆ, ಎಲ್ಲದರ ಭಾರ ಕೂಡಿದೆ. ನಡುವೆ ಆಧಾರವಿಲ್ಲದೆ ತೊಲೆಯ ಕೆಳಮೈಯಲ್ಲಿ ಬರುವ ಎಳೆತ ಪುಸ್ತಕ ಒಪ್ಪುವುದಕ್ಕಿಂತ ಮೂರು ಪಟ್ಟಿಗೂ ಮೇಲಿತ್ತು. ನಡುಕಂಬ ಮುಟ್ಟಿದರೆ ಅದು ಕಾಲು ಭಾಗಕ್ಕೆ ಇಳಿಯುತ್ತಿತ್ತು. ಕಾಲು ಭಾಗ! ನನ್ನ ಸ್ವಂತ ಅಧ್ಯಾಯ, ನನ್ನ ಸ್ವಂತ ಊರಿನಲ್ಲಿ, ಒಂದು ಬೆರಳು ಸಂದಿನಿಂದ ವ್ಯರ್ಥವಾಗಿ ನಿಂತಿತ್ತು.

ಮಾವ ಬಂದರು. ನಾನು ಅವರಿಗೆ ಎಲ್ಲವನ್ನೂ ವಿವರಿಸಿದೆ, ಇಂಗ್ಲಿಷ್ ಪದಗಳನ್ನು ಸ್ವಲ್ಪ ಹೆಚ್ಚಾಗಿಯೇ ಹಾಕಿ. ಅವರಿಗೆ ಅರ್ಥವಾಗಲಿಲ್ಲವೆಂಬುದು ಮುಖದಲ್ಲೇ ಇತ್ತು. ಹೆಮ್ಮೆಯೂ ಅದೇ ಮುಖದಲ್ಲಿತ್ತು.

"ಏನೋ ಬೀರಪ್ಪ, ಕಂಬ ಅಂತ ಹೇಳಿ ಹೊರದೇ ಇರೋ ಕಂಬ ನಿಲ್ಸಿದೀಯಲ್ಲೋ! ನಮ್ಮ ಗುಮಾಸ್ತ್ರೇ ವಾಸಿ ಕಣೋ, ಅವ್ರು ಆಗೀಗಾದ್ರೂ ಹೊರ್ತಾರೆ."

ಸುತ್ತಲಿದ್ದವರು ನಕ್ಕರು. ಬೀರಪ್ಪ ನಗಲಿಲ್ಲ.

"ಎರೆ ಮಣ್ಣಿನ ಸೀಮೇಲಿ ನಡುಕಂಬಕ್ಕೆ ಸಂದು ಬಿಡೋದು ನಮ್ಮಪ್ಪನ ಕಾಲದಿಂದ್ಲೂ..."

"ನಿಮ್ಮಪ್ಪ ಬೆಂಗ್ಳೂರಲ್ಲಿ ಓದಿದ್ನೇನೋ? ಹುಡುಗ ಲೆಕ್ಕ ಹಾಕಿ ಹೇಳ್ತಾ ಇದ್ದಾನೆ. ಬಿಗಿ ಮಾಡು."

ಬೀರಪ್ಪ ನನ್ನ ಕಡೆ ತಿರುಗಿದ. "ಬೆಣೆ ಹೊಡೀತೀನಿ ಬುದ್ದಿ. ಒಂದು ಮಾತು ಕೇಳ್ಲಾ? ನಂಗೆ ಹೊಲ ಇಲ್ಲ, ತೆಂಗಿನ ತೋಟ ಇಲ್ಲ. ಬೀರಪ್ಪನ ತೊಲೆ ಮುರಿಯಲ್ಲ ಅಂತ ಜನ ಅಂತಾರಲ್ಲ, ಅದೊಂದೇ ನಾನು ಉಣ್ತಿರೋದು. ನಾಳೆ ಏನಾರ ಹೆಚ್ಚುಕಮ್ಮಿ ಆದ್ರೆ, ಸಂದು ಮುಚ್ಚಿಸ್ದೋನು ನಾನು ಅಂತ ನೀವು ಒಂದು ಸಲ ಹೇಳ್ಬೇಕು."

"ಒಂದು ಸಲ ಏನಯ್ಯಾ, ಹತ್ತು ಸಲ ಹೇಳ್ತೀನಿ" ಎಂದೆ.

ನಾಲ್ಕು ಕಬ್ಬಿಣದ ಬೆಣೆ. ಅವನೇ ಹೊಡೆದ. ಕೊನೆಯದು ಕೂತಾಗ ನಾನು ಸ್ಕೇಲು ಹಿಡಿದು ಸುತ್ತ ತಿರುಗಿ ಎಲ್ಲಿಯೂ ತೂರದೆಂದು ಖಚಿತ ಮಾಡಿಕೊಂಡೆ. ಪುಸ್ತಕದ ಪ್ರತಿ ಲೆಕ್ಕದ ತಲೆಯ ಮೇಲೂ ಒಂದು ಸಾಲಿರುತ್ತದೆ: ಮೂರೂ ಆಧಾರಗಳು ಒಂದೇ ಮಟ್ಟದಲ್ಲಿವೆ ಎಂದು ಭಾವಿಸಿ. ಆ ಸಾಲನ್ನು ನಾನು ಎಷ್ಟೋ ಸಲ ಕಾಪಿ ಮಾಡಿದ್ದೆ. ಭಾವಿಸಿದ್ದೂ ಉಂಟು.

ಜೂನ್ ಮೊದಲ ವಾರ ಮಳೆ ಹಿಡಿಯಿತು. ಐದು ದಿನ ಬಿಡಲಿಲ್ಲ. ಪಡಸಾಲೆಯ ನೆಲಕ್ಕೆ ಇನ್ನೂ ಮಣ್ಣು ತುಂಬಿರಲಿಲ್ಲ. ಕಂಬದ ಬುಡದಲ್ಲಿ ನೀರು ಮೊಣಕಾಲುದ್ದ ನಿಂತಿತು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಾಯಿ ಬಿಟ್ಟಿದ್ದ ಎರೆ ಭೂಮಿ ಆ ನೀರನ್ನೆಲ್ಲ ಕುಡಿಯಿತು. ಆಮೇಲೆ ಎರಡು ದಿನ ಬಿಸಿಲು. ಮಠದ ಸ್ವಾಮಿಗಳು ಪ್ರವೇಶಕ್ಕೆ ಬರುವ ದಿನ ಗೊತ್ತಾಗಿತ್ತು. ಹನ್ನೆರಡು ಹೆಂಗಸರು ಮೇಲೆ ಹತ್ತಿ ಗಾರೆ ಕುಟ್ಟಲು ಕೂತರು. ಮಾವ ಹತ್ತಿಯ ವಿಷಯಕ್ಕೆ ದಾವಣಗೆರೆಗೆ ಹೋಗಿದ್ದರು. ಯಜಮಾನಿಕೆ ನನ್ನದು.

ಬೀರಪ್ಪ ಅಂದು ಬೆಳಿಗ್ಗೆ ಬಂದು ತೊಲೆಗೆ ಮೂರು ಕಡೆ ಬಡಿದ. ಮತ್ತೆ ಬಡಿದ.

"ದನಿ ಒಡೆದೈತೆ ಬುದ್ದಿ."

ನಾನು ಏಣಿ ಹಾಕಿಸಿ ಹತ್ತಿ ತೊಲೆಯ ಕೆಳಮೈಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸವರಿ ನೋಡಿದೆ. ಕೂದಲೆಳೆಯಷ್ಟು ಬಿರುಕಿಲ್ಲ. ನಡುಕಂಬದ ಮೇಲೆ ಎಳೆತ ಮೇಲ್ಮೈಯಲ್ಲಿ ಎಂದು ಎರಡು ತಿಂಗಳ ಹಿಂದೆ ಚಿತ್ರ ಸಮೇತ ಬರೆದು ಅಂಕ ತೆಗೆದವನು ನಾನು. ಬಿರುಕು ಹುಡುಕಲು ಹೋದದ್ದು ಕೆಳಗೆ. ಮೇಲೆ ಚಪ್ಪಡಿ, ಗಾರೆ ಮುಚ್ಚಿದ್ದವು, ಕಾಣುತ್ತಿರಲಿಲ್ಲ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಕಾಣದಿದ್ದರೇನು, ಮೇಲಿದೆ ಎಂದು ಗೊತ್ತಿರಬೇಕಿತ್ತು. ಮೇಷ್ಟ್ರು ಸಂಬಳ ತೆಗೆದುಕೊಂಡು ಕಲಿಸಿದ್ದೂ ಅದನ್ನೇ.

"ಏನೂ ಇಲ್ಲವಲ್ಲಯ್ಯ."

"ಬೆಣೆ ಬರ್ತಿಲ್ಲ, ಕಚ್ಚಿಕೊಂಡು ಕೂತವೆ. ಪಕ್ಕದಲ್ಲಿ ಮರ ಆನಿಸಿ, ಬೋದಿಗೆ ತಲೆ ಕೆತ್ತಿ ತೆಗೀತೀನಿ. ಮೊದ್ಲು ಆ ಹೆಂಗಸರನ್ನ ಇಳ್ಸಿ."

"ಗಾರೆ ಮಧ್ಯಕ್ಕೆ ನಿಲ್ಸಿದ್ರೆ ಕೆಡುತ್ತೆ. ನಾಳೆ ಮಾವ ಬರ್ತಾರೆ, ಕೇಳೋಣ."

"ನಾಳೆ ತಂಕ ಕಲ್ಲು ಯಾರನ್ನ ಕೇಳ್ತದೆ ಬುದ್ದಿ?"

"ಬೀರಪ್ಪ, ಲೆಕ್ಕ ನಿನಗೆ ಗೊತ್ತೋ ನನಗೆ ಗೊತ್ತೋ?"

ಅವನು ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಮರ ಹುಡುಕಲು ಹೋದ. ಮೇಲಿಂದ ಹೆಂಗಸರ ಕುಟ್ಟು ಒಂದೇ ಸಮನೆ ಕೇಳುತ್ತಿತ್ತು. ಯಾರೋ ನನ್ನ ಏಣಿಯ ನಡಿಗೆಯನ್ನು ಅಣಕಿಸಿರಬೇಕು, ಎಲ್ಲರೂ ನಗುತ್ತಿದ್ದರು.

ಮಧ್ಯಾಹ್ನ ಊಟದ ಹೊತ್ತಿಗೆ ತೊಲೆ ಮುರಿಯಿತು. ಸರಿಯಾಗಿ ಕಂಬದ ನೆತ್ತಿಯ ಮೇಲೆ. ಹನ್ನೊಂದು ಜನ ಊಟಕ್ಕೆ ಇಳಿದಿದ್ದರು. ತನ್ನ ಪಾಲಿನ ಅಂಚು ಒಣಗುವುದೆಂದು ಕುಟ್ಟುತ್ತಲೇ ಇದ್ದವಳು ಪಾಪಮ್ಮ ಒಬ್ಬಳು. ಗಾಡಿ ಸಿದ್ದಪ್ಪನ ಹೆಂಡತಿ. ಚಪ್ಪಡಿಗಳ ಜೊತೆ ಕೆಳಗೆ ಬಂದಳು. ಬೀರಪ್ಪ ಹೊತ್ತು ತಂದಿದ್ದ ಮರದ ತುಂಡುಗಳನ್ನೇ ಸನ್ನೆಗೋಲು ಮಾಡಿ ಕಲ್ಲೆತ್ತಿದರು. ಅವಳನ್ನು ಹೊರಗೆ ತೆಗೆಯುವ ಹೊತ್ತಿಗೆ ಉಸಿರಿರಲಿಲ್ಲ. ಸಿದ್ದಪ್ಪ ಶಿವನಿ ಸ್ಟೇಷನ್ನಿಗೆ ಬಾಡಿಗೆ ಹೋಗಿದ್ದ, ಸಂಜೆ ಬಂದ.

ಎರಡನೇ ದಿನ ತರೀಕೆರೆಯಿಂದ ಶೇಕದಾರರು ವಿಚಾರಣೆಗೆ ಬಂದರು. ಮಾವ ಹಿಂದಿರುಗಿದ್ದರು. ಪಂಚರು ಜಮಾಯಿಸಿದರು. ಕಲ್ಲಿನೊಳಗೆ ಬಿರುಕಿನ ಎಳೆ ಇದ್ದಿರಬೇಕು, ಕುಟಿಗ ನೋಡದೆ ತಂದಿದ್ದಾನೆ ಎಂದು ಮಾವ ಹೇಳಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ನನ್ನ ಲೆಕ್ಕ ಸರಿ ಎಂದು ಅವರು ನಂಬಿದ್ದರು. ಹಾಗಾದರೆ ತಪ್ಪಿರಬೇಕಾದ್ದು ಕಲ್ಲೇ ತಾನೆ?

"ಬೆಣೆ ಹೊಡೆಸಿದ್ರು ಸ್ವಾಮಿ" ಎಂದ ಬೀರಪ್ಪ. ಅಷ್ಟು ಹೇಳಿ ನನ್ನ ಕಡೆ ನೋಡಿದ.

"ನೀವು ಎಂಜಿನಿಯರಿಂಗ್ ಓದ್ತಾ ಇದೀರಂತೆ" ಎಂದರು ಶೇಕದಾರರು. "ನೀವೇನಂತೀರಿ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಸಿದ್ದಪ್ಪ ಗೋಡೆಗೆ ಒರಗಿ ಕೂತಿದ್ದ. ಮಾವನ ಮುಖದಲ್ಲಿ ಅದೇ ಹೆಮ್ಮೆ.

"ಕಲ್ಲಿನ ಗುಣದ ವಿಷಯ ನಾನು ಖಚಿತವಾಗಿ ಹೇಳಲಾರೆ" ಎಂದೆ.

ಇಂಥ ವಾಕ್ಯ ಬಾಯಿಗೆ ಬರಲು ಎರಡು ವರ್ಷ ಓದಬೇಕು. ಒಂದು ಅಕ್ಷರವೂ ಸುಳ್ಳಲ್ಲ. ಬೀರಪ್ಪ ನನ್ನನ್ನು ನೋಡುವುದು ಬಿಟ್ಟು ತನ್ನ ಕೈ ನೋಡಿಕೊಂಡ. ಕಲ್ಲಿನ ದೋಷ ಎಂದು ಬರೆದುಕೊಂಡರು.

ಕಾಲೇಜು ತೆರೆಯಿತು. ಜುಲೈ ಎರಡನೇ ವಾರ ಮೇಷ್ಟ್ರು ಹೊಸ ಅಧ್ಯಾಯ ಶುರು ಮಾಡಿದರು: ಆಧಾರಗಳು ಒಂದೇ ಮಟ್ಟದಲ್ಲಿ ಉಳಿಯದಿದ್ದಾಗ. ತುದಿಗಳು ಗೋಡೆಯಲ್ಲಿ ಹುದುಗಿದ್ದು ನಡುವಿನ ಆಧಾರ ಮೇಲೆದ್ದರೆ ಏನಾಗುತ್ತದೆ ಎಂದು ಬೋರ್ಡಿನ ಮೇಲೆ ಗೀಟೆಳೆದರು. ಕಾಲಂಗುಲ ಎದ್ದರೆ ಸಾಕಂತೆ, ಕಲ್ಲಿನಂಥ ಬಿರುಸು ವಸ್ತು ತಾಳುವುದಿಲ್ಲವಂತೆ; ನಡುವೆ ಆಧಾರವಿಲ್ಲದಿದ್ದರೇ ಎಷ್ಟೋ ವಾಸಿಯಂತೆ. ಬಿರುಕು ಮೇಲಿಂದ ಬಾಯಿ ಬಿಡುತ್ತದಂತೆ. ಆ ಅಧ್ಯಾಯ ಜುಲೈನಲ್ಲಿತ್ತು. ನನ್ನ ತೊಲೆ ಜೂನ್‌ನಲ್ಲಿ ಮುರಿದಿತ್ತು. ಪಕ್ಕದಲ್ಲಿ ಕೂತಿದ್ದ ಗೆಳೆಯ ಬಸವರಾಜ, "ಏನೋ, ಇಷ್ಟು ಶ್ರದ್ಧೆಯಿಂದ ಬರೀತಾ ಇದೀಯ?" ಎಂದು ತಿವಿದ.

ಮಾವನಿಗೆ ಕಾಗದ ಬರೆದೆ. ತಪ್ಪು ಬೆಣೆಯದು, ಕಲ್ಲಿನದಲ್ಲ ಎಂದು. ಉತ್ತರ ಬಂತು: ಆದದ್ದನ್ನು ನೆನೆದು ಮನಸ್ಸು ಕೆಡಿಸಿಕೊಳ್ಳಬೇಡ, ಓದಿನ ಕಡೆ ಗಮನ ಕೊಡು. ನಾನು ವಿಧೇಯನಾಗಿ ಗಮನ ಕೊಟ್ಟೆ. ಕೊನೆಯ ಪರೀಕ್ಷೆಯಲ್ಲಿ ಆ ಒಂದು ಪೇಪರಿನಲ್ಲಿ ತರಗತಿಗೇ ಮೊದಲಿಗನಾದೆ, ಉಳಿದ ಮೂರರಲ್ಲಿ ಫೇಲಾದೆ.

ಎರಡು ವರ್ಷ ಕೆಲಸಕ್ಕಾಗಿ ಅಲೆದು, ಕೊನೆಗೆ ವರ್ಕ್ ಇನ್ಸ್‌ಪೆಕ್ಟರಾಗಿ ತರೀಕೆರೆಗೆ ಬಂದೆ. ಮೊದಲ ವಾರವೇ ಲಕ್ಕವಳ್ಳಿ ರಸ್ತೆಯ ಐದನೇ ಮೈಲಿಯಲ್ಲಿ ಜಲ್ಲಿ ಅಳೆಯಲು ಹೋದಾಗ ಗುಡ್ಡೆಗಳ ಸಾಲಿನಲ್ಲಿ ಬೀರಪ್ಪ ಕೂತಿದ್ದ. ಎರಡು ಪಾದಗಳ ನಡುವೆ ಕಲ್ಲಿಟ್ಟುಕೊಂಡು ಒಡೆಯುತ್ತಿದ್ದ. ಮೊದಲು ಗುರುತಿಸಿದ್ದು ಇಲ್ಲದ ಕಿರುಬೆರಳನ್ನು.

"ಬೀರಪ್ಪ?"

"ಬುದ್ದಿ, ಬನ್ನಿ." ಆಶ್ಚರ್ಯವೇನೂ ತೋರಿಸಲಿಲ್ಲ.

"ಇದೇನು ಇಲ್ಲಿ?"

"ತೊಲೆ ಯಾರು ಹಾಕಿಸ್ತಾರೆ? ಕಡೂರಲ್ಲಿ ಒಬ್ರು ಕರೆದ್ರು. ಮನೆ ಹೆಂಗಸ್ರು, ಹೆಂಗಸನ್ನ ಕೊಂದ ಕೈ ಬ್ಯಾಡ ಅಂದ್ರಂತೆ." ಇನ್ನೊಂದು ಏಟು ಹಾಕಿದ. "ಇದಕ್ಕಾದ್ರೆ ಯಾರೂ ಬ್ಯಾಡ ಅನ್ನಲ್ಲ. ಒಡೆದ್ರೇ ಸಂತೋಷ."

ಕೆಮ್ಮು ಶುರುವಾಗಿತ್ತು. ಅಣ್ಣನ ಕೆಮ್ಮು. ಕರಿಯಮ್ಮ ಪಕ್ಕದ ಗುಡ್ಡೆಯಲ್ಲಿ ಕೂತು ಒಡೆಯುತ್ತಿದ್ದಳು. ಅವಳು ನನ್ನ ಕಡೆ ತಿರುಗಲೂ ಇಲ್ಲ. ಅಂದು ನನ್ನ ಅಳತೆಯ ಪೆಟ್ಟಿಗೆಗೆ ಅವನು ತುಂಬಿದ ಜಲ್ಲಿ ಎಲ್ಲರದಕ್ಕಿಂತ ಹದವಾಗಿ ಒಂದೇ ಗಾತ್ರದ್ದಾಗಿತ್ತು.

ಆ ಭಾನುವಾರ ಬೀರೂರಿನಲ್ಲಿ ರೈಲು ಬದಲಿಸಿ ಅಜ್ಜಂಪುರಕ್ಕೆ ಹೋದೆ. ಮಠದ ಜಗಲಿಯ ಮೇಲೆ ಮಾವ, ಸಮಿತಿಯವರು, ಊರಿನ ನಾಲ್ಕು ಜನ ಇದ್ದರು. ನಿಂತುಕೊಂಡೇ ಹೇಳಿದೆ: ಸಂದು ಮುಚ್ಚಿಸಿದವನು ನಾನು, ಹೆಂಗಸರನ್ನು ಇಳಿಸಬೇಡ ಎಂದವನು ನಾನು, ಬೀರಪ್ಪನ ಕಲ್ಲಿನಲ್ಲಿ ದೋಷವಿರಲಿಲ್ಲ.

ಹಿರಿಯರೊಬ್ಬರು ಹಣೆಯ ವಿಭೂತಿ ಸರಿಮಾಡಿಕೊಂಡು ಹೇಳಿದರು: "ನೋಡ್ರಪ್ಪಾ ಸಂಸ್ಕಾರ ಅಂದ್ರೆ. ಒಬ್ಬ ಕೂಲಿಯೋನ ಅನ್ನ ಹೋಯ್ತಲ್ಲ ಅಂತ ತಪ್ಪನ್ನ ತನ್ನ ಮೇಲೆ ಹಾಕ್ಕೊಂಡು ಬಂದಿದ್ದಾನೆ ಹುಡುಗ."

"ಹಾಕ್ಕೊಂಡಿಲ್ಲ ಸ್ವಾಮಿ, ನಂದೇ."

"ಇರ್ಲಿ ಕಣಪ್ಪ, ನಮಗೆ ಗೊತ್ತಾಗಲ್ವೇ?"

ಹೇಳಿದಷ್ಟೂ ನನ್ನ ಕೀರ್ತಿ ಏರಿತು. ಮಾವನ ಕಣ್ಣಲ್ಲಿ ನೀರು. ಮೂರು ಪೇಪರಿನಲ್ಲಿ ಫೇಲಾದದ್ದನ್ನು ಅಂದು ಅವರು ಪೂರ್ತಿ ಕ್ಷಮಿಸಿದರೆಂದು ಕಾಣುತ್ತದೆ.

ಜಗಲಿಯ ಕೆಳಗೆ ಗಾಡಿಯ ನೊಗಕ್ಕೆ ಹಗ್ಗ ಬಿಗಿಯುತ್ತಿದ್ದವನು ಸಿದ್ದಪ್ಪ. ನಾನು ಇಳಿದು ಬಂದಾಗ ದಾರಿಗೆ ಅಡ್ಡ ನಿಂತ.

"ಒಳ್ಳೆಯೋರು ಅನ್ನಿಸಿಕೊಳ್ಳೋಕೆ ನಿಮಗೆ ಬೇರೆ ಯಾರೂ ಸಿಗಲಿಲ್ವಾ? ಸತ್ತೋಳೇ ಬೇಕಿತ್ತಾ?"

"ಸಿದ್ದಪ್ಪ, ಮುರಿದ ತೊಲೆ ಇನ್ನೂ ಇದೆಯಾ?"

"ಛತ್ರದ ಹಿಂದೆ ಬಿದ್ದೈತೆ. ಯಾಕೆ, ಅದಕ್ಕೂ ಕೈ ಮುಗೀತೀರಾ?"

"ಬಾ, ತೋರಿಸ್ತೀನಿ. ಆಮೇಲೆ ಬೈಯಿ."

ಒಂದು ತುಂಡು ಬಟ್ಟೆ ಒಗೆಯುವ ಕಲ್ಲಾಗಿತ್ತು. ಇನ್ನೊಂದು ತುಂಡು ಗೋಡೆಗೆ ಮುರಿದ ಮುಖವನ್ನು ಒತ್ತಿಕೊಂಡು ಹಾಗೇ ಇತ್ತು. ಸಿದ್ದಪ್ಪನ ಗಾಡಿಯ ಗೂಟವನ್ನು ಸನ್ನೆಗೆ ಹಾಕಿ ಇಬ್ಬರೂ ಸೇರಿ ಅದನ್ನು ಹೊರಳಿಸಿದೆವು. ನಾನು ಏನನ್ನು ಹುಡುಕುತ್ತಿದ್ದೆನೋ ಅದು ಅಲ್ಲಿತ್ತು. ಮುರಿದ ಮುಖದ ಮೇಲಿನ ಮುಕ್ಕಾಲು ಪಾಲು ಗಾರೆಯ ಸುಣ್ಣನೀರು ಇಳಿದು ಬೆಳ್ಳಗೆ ಹೆಪ್ಪುಗಟ್ಟಿತ್ತು. ಕೆಳಗಿನ ನಾಲ್ಕು ಬೆರಳು ಮಾತ್ರ ಬರೀ ಕಲ್ಲು.

"ಇದು ಒಂದೇ ಸಲಕ್ಕೆ ಮುರಿದಿದ್ರೆ ಸುಣ್ಣ ಎಲ್ಲಿಂದ ಇಳಿಯೋದು? ಗಾರೆ ಕುಟ್ಟೋ ಮೊದಲೇ ಮೇಲಿಂದ ಬಾಯಿ ಬಿಟ್ಟಿತ್ತು. ಎಳೆ ಇದ್ದ ಕಲ್ಲು ಹೀಗೆ ನೆತ್ತಿಯಿಂದ ಒಡೆಯಲ್ಲ. ಕೆಳಗಿಂದ ಎತ್ತಿದ್ರೆ ಮಾತ್ರ ಹೀಗೆ ಒಡೆಯುತ್ತೆ."

ಅವನು ಕೂತುಕೊಂಡು ಆ ಬಿಳಿ ಗೆರೆಯ ಉದ್ದಕ್ಕೂ ಉಗುರು ಎಳೆದ. ನಾಲ್ಕು ದಿನ ಈ ಕಲ್ಲನ್ನು ಎಳೆದು ತಂದವನು ಅವನು. ಮೇಲು ಯಾವುದು, ಕೆಳಗು ಯಾವುದು ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಬೀರಪ್ಪಣ್ಣ ಬೆಳಿಗ್ಗೆ ನಿಮಗೆ ಹೇಳಿದ್ನಾ, ಇಳ್ಸಿ ಅಂತ?"

"ಹೇಳಿದ."

"ಎಷ್ಟು ಹೊತ್ತು ಮುಂಚೆ?"

"ಮೂರು ಗಂಟೆ."

"ಹಂಗಾದ್ರೆ ಪಾಪಮ್ಮನ್ನ ಕೊಂದೋನು ನೀನು."

ಬಹುವಚನ ಬಿಟ್ಟದ್ದು ನನಗೆ ಕೇಳಿಸಿತು. "ಹೌದು" ಎಂದೆ. ಅಂದು ಅಜ್ಜಂಪುರದಲ್ಲಿ ನನ್ನನ್ನು ನಂಬಿದವನು ಅವನೊಬ್ಬನೇ. ಅವನು ಹೊಡೆಯುತ್ತಾನೆಂದು ಕಾದೆ. ಅವನು ಗೂಟ ಎತ್ತಿಕೊಂಡು ಗಾಡಿಯ ಕಡೆ ಹೋದ.

ಮುಂದಿನ ವಾರ ಸಿದ್ದಪ್ಪ ತಾನಾಗಿಯೇ ತರೀಕೆರೆಗೆ ಬಂದ. ನನ್ನ ಜೊತೆ ಮಾತಿಲ್ಲದೆ ಐದು ಮೈಲಿ ನಡೆದ. ಜಲ್ಲಿ ಒಡೆಯುವವರೆಲ್ಲ ಕೇಳುವಂತೆ ಬೀರಪ್ಪನ ಮುಂದೆ ನಿಂತು ಹೇಳಿದ: "ನಿನ್ನ ಕಲ್ಲು ಕೆಟ್ಟದ್ದಲ್ಲ ಕಣಣ್ಣಾ. ನಾನು ಊರಲ್ಲೆಲ್ಲ ನಿನ್ನ ಹೆಸರು ಕೆಡಿಸ್ದೆ."

ಬೀರಪ್ಪ ಸುತ್ತಿಗೆ ಕೆಳಗಿಟ್ಟ. "ನಿನ್ನ ಹೆಂಡ್ರು ಚೆಂದಾಗಿ ಕುಟ್ಟೋಳು. ಅಂಚು ಒಣಗಕ್ಕೆ ಬಿಡೋಳಲ್ಲ" ಎಂದ. ಕರಿಯಮ್ಮ ಎದ್ದು ಬಂದು ಸಿದ್ದಪ್ಪನಿಗೆ ನೀರು ಕೊಟ್ಟಳು.

ಆರನೇ ಮೈಲಿಯಲ್ಲಿ ಒಂದು ಮೋರಿಗೆ ಏಳಡಿಯ ನಾಲ್ಕು ತೊಲೆ ಬೇಕಾಗಿತ್ತು. ಯಾರಿಂದ ಮಾಡಿಸಬೇಕೆಂದು ತೀರ್ಮಾನಿಸುವಷ್ಟು ಅಧಿಕಾರ ನನಗಿತ್ತು. ಸಿದ್ದಪ್ಪನ ಎದುರಿಗೇ ಬೀರಪ್ಪನಿಗೆ ಹೇಳಿದೆ: ಕಲ್ಲು ನೀನೇ ಆರಿಸು, ಪಾಯ ನೀನೇ ಹೇಳು, ನಾನು ಬಾಯಿ ತೆರೆಯುವುದಿಲ್ಲ.

ಅವನು ಎರಡೂ ಅಂಗೈ ತಿರುಗಿಸಿ ನೋಡಿಕೊಂಡ.

"ಬ್ಯಾಡ ಬುದ್ದಿ. ತೊಲೆ ಕೊರೆಯೋ ಕೈಗೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರಬೇಕು. ಇದು ಮೂರು ವರ್ಷದಿಂದ ಒಡೆಯೋದೇ ಕಲ್ತೈತೆ. ಈಗ ಇಡೀ ಕಲ್ಲು ಮುಂದಿಟ್ರೂ ಅದಕ್ಕೆ ಒಡೆಯೋ ಮನಸಾಯ್ತದೆ."

"ಸುಮ್ಮನೆ ಒಂದು ಸಲ ನೋಡೋ ಅಣ್ಣಾ" ಎಂದ ಸಿದ್ದಪ್ಪ.

"ನೋಡಿದೀನಿ ಕಣೋ. ಹೋದ ಬ್ಯಾಸ್ಗೇಲಿ ನಮ್ಮೂರಲ್ಲಿ ಒಂದು ಬೀಸೋ ಕಲ್ಲು ಮಾಡೋಕೆ ಹೋದೆ. ಎರಡು ಹೋಳಾಯ್ತು."

ಕೆಮ್ಮು ಬಂತು, ಮುಗಿಯುವವರೆಗೆ ನಾವಿಬ್ಬರೂ ನಿಂತಿದ್ದೆವು. ಮೋರಿಯ ತೊಲೆಗಳನ್ನು ಬೇರೆ ಯಾರೋ ಹಾಕಿದರು. ಬೀರಪ್ಪ ಆ ಚಳಿಗಾಲ ದಾಟಲಿಲ್ಲ. ಕರಿಯಮ್ಮ ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಊರಿಗೆ ಹೋದಳು, ನನಗೆ ಹೇಳಿ ಹೋಗಲಿಲ್ಲ.

ಮಠದ ಜಗಲಿಯಲ್ಲಿ ನಾನು ಈಗಲೂ ದೊಡ್ಡ ಮನಸ್ಸಿನ ಹುಡುಗ. ಸಿದ್ದಪ್ಪ ಮಾತ್ರ ಗಾಡಿ ಹತ್ತಿದವರು ಛತ್ರದ ಕಥೆ ಕೇಳಿದರೆ ನಡೆದದ್ದನ್ನು ನಡೆದ ಹಾಗೆ ಹೇಳುತ್ತಾನೆ. ಬೀರಪ್ಪನ ಕಲ್ಲು ಗಟ್ಟಿಯಿತ್ತು ಎನ್ನುತ್ತಾನೆ, ಬೆಣೆ ಹೊಡೆಸಿದವನು ಜಯದೇವಪ್ಪನವರ ಸೋದರಳಿಯ ಗಂಗಾಧರ ಎನ್ನುತ್ತಾನೆ. ಅಜ್ಜಂಪುರಕ್ಕೆ ಹೋದಾಗ ಸ್ಟೇಷನ್ನಿನಿಂದ ಮಾವನ ಮನೆಗೆ ಎರಡು ದಾರಿ. ಹತ್ತಿರದ್ದು ಸಿದ್ದಪ್ಪ ಗಾಡಿ ನಿಲ್ಲಿಸುವ ಜಾಗದ ಮೇಲೇ ಹೋಗುತ್ತದೆ. ಪ್ರತಿ ಸಲವೂ ಇನ್ನೊಂದರಲ್ಲಿ ಹೋಗೋಣವೆನ್ನಿಸುತ್ತದೆ. ಇದುವರೆಗೆ ಹಾಗೆ ಹೋಗಿಲ್ಲ.